ಹೂಂಗುಟ್ಟುವ ಗಡಿಗೆ

"ಹೂಂ."

ಸದ್ದು ಅಷ್ಟೇ. ಬೀದಿಯ ಕೊನೆಯ ಆಟೋ ಕೂಡ ಮಲಗಿದ ಹೊತ್ತಿನಲ್ಲಿ, ಅತ್ತೆಯ ಕೋಣೆಯ ಕಡೆಯಿಂದ, ಬಾವಿಯ ತಳದಲ್ಲಿ ಕೂತು ಯಾರೋ ತಲೆಯಾಡಿಸಿದಂತೆ ಬಂದ ಸಣ್ಣ ಸದ್ದು. ನೀಲಾಂಬಿಕಾ ಕಣ್ಣು ಬಿಟ್ಟಳು. ಅವಳ ನಿದ್ದೆ ಮೊದಲಿನಿಂದಲೂ ಹೊಸ್ತಿಲ ಮೇಲೆ ಕೂತ ನಿದ್ದೆ. ಅಡುಗೆಮನೆಯ ನಲ್ಲಿಯಿಂದ ಒಂದು ಹನಿ ಬಿದ್ದರೂ ಎದ್ದು ಹೋಗಿ ತಿರುವಿ ಬರುವವಳು ಅವಳು. ಪಕ್ಕದಲ್ಲಿ ಗಂಡ ಗುರುಪಾದ ಗೊರಕೆ ಹೊಡೆಯುತ್ತಿದ್ದ. ಹಗಲೆಲ್ಲ ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಬಡಿಯುವುದನ್ನು ಕೇಳಿ ಬರುವ ಅವನಿಗೆ ಮನೆಯ ಯಾವ ಸದ್ದೂ ಸದ್ದಲ್ಲ.

ಅವಳು ಕಿವಿಗೊಟ್ಟಳು. ಅತ್ತೆ ಬಸಲಿಂಗವ್ವ ಮೆಲ್ಲಗೆ ಏನೋ ಹೇಳುತ್ತಿದ್ದರು. ಹೇಳಿ, ಉಸಿರು ತೆಗೆದುಕೊಳ್ಳಲು ನಿಂತರು. ಕೂಡಲೇ ಮತ್ತೆ, "ಹೂಂ."

ಕಳ್ಳರು ಹೂಂ ಅನ್ನುವುದಿಲ್ಲ ಎಂದು ನೀಲಾಂಬಿಕಾ ತನಗೆ ತಾನೇ ಧೈರ್ಯ ಹೇಳಿಕೊಂಡಳು. ಆದರೂ ಅಡುಗೆಮನೆಗೆ ಹೋಗಿ ಲಟ್ಟಣಿಗೆಯೊಂದನ್ನು ಕೈಗೆ ತೆಗೆದುಕೊಂಡು, ಹೋದದ್ದಕ್ಕೆ ಗ್ಯಾಸಿನ ಗುಂಡಿಯನ್ನೂ ಒಮ್ಮೆ ಮುಟ್ಟಿ ನೋಡಿ, ಅತ್ತೆಯ ಬಾಗಿಲ ಸಂದಿಗೆ ಕಣ್ಣಿಟ್ಟಳು. ಬಸಲಿಂಗವ್ವ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಎದುರಿನ ಸ್ಟೂಲಿನ ಮೇಲೆ ಗಡಿಗೆ ಇತ್ತು. ಗಡಿಗೆಯೊಳಗಿಂದ ಮಂಜಿನಂಥ ಒಂದು ನಾದ ಏಳುತ್ತ ಬೀಳುತ್ತ ಕೋಣೆ ತುಂಬಿತ್ತು. ಅತ್ತೆ ಆ ಗಡಿಗೆಗೆ ತಮ್ಮ ತವರಿನ ಯಾವುದೋ ಮದುವೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡು ಊಟ ಬಿಟ್ಟೆದ್ದರು ಎಂಬುದನ್ನು ಹೇಳುತ್ತಿದ್ದರು. ಅವರು ನಿಂತಾಗಲೆಲ್ಲ ನಾದದ ಅಡಿಯಿಂದ ಆ ಹೂಂ ಮೇಲೆದ್ದು ಬಂದು, ಹೇಳಿದ್ದನ್ನೆಲ್ಲ ಎತ್ತಿಕೊಂಡು, ಮತ್ತೆ ಮುಳುಗುತ್ತಿತ್ತು.

ನೀಲಾಂಬಿಕಾ ಲಟ್ಟಣಿಗೆಯನ್ನು ಕೆಳಗಿಳಿಸಿದಳು. ಗಡಿಗೆ ಬಂದದ್ದು ಅವಳ ಆಫೀಸಿನಿಂದಲೇ.

ಅವು ಹುಬ್ಬಳ್ಳಿಯ ಜನಕ್ಕೆ ನಿದ್ದೆ ಬರುವುದು ನಿಂತುಹೋಗಿದ್ದ ವರ್ಷಗಳು. ಹುಬ್ಬಳ್ಳಿ ಧಾರವಾಡಗಳೆರಡೂ ಬೆಳೆದು ಒಂದಕ್ಕೊಂದು ಅಂಟಿಕೊಂಡು, ನಡುವೆ ಉಳಿದಿದ್ದ ತುಸು ಕತ್ತಲೆಯೂ ಮಾಯವಾಗಿತ್ತು. ಗುಳಿಗೆ ಬರೆದು ಬೇಸತ್ತ ಡಾಕ್ಟರುಗಳು ಈಗ ಚೀಟಿಯಲ್ಲಿ ಆಲ್ಬಮ್ ಬರೆಯುತ್ತಿದ್ದರು: ರಾತ್ರಿ ಊಟದ ನಂತರ ಒಂದು. ಇವು ಹಾಡಿನ ಆಲ್ಬಮ್‌ಗಳಲ್ಲ. ಸಾಹಿತ್ಯವಿಲ್ಲ, ತಾಳವಿಲ್ಲ, ರಾಗವೂ ಇಲ್ಲ. ಯಂತ್ರದಲ್ಲಿ ಹುಟ್ಟಿಸಿದ ಸದ್ದುಗಳನ್ನು ಎಳೆದು, ಕರಗಿಸಿ, ಕೋಣೆಯ ತುಂಬ ಹರಡಿಬಿಡುವುದು. ಇಂಥವನ್ನು ತಯಾರಿಸುವ 'ಮಂದ್ರ' ಎಂಬ ಸಂಸ್ಥೆ ಊರಿನಲ್ಲೇ ಇತ್ತು, ನೀಲಾಂಬಿಕಾಳ ಕೆಲಸವೂ ಅಲ್ಲೇ. ಅದರ ಮುಖ್ಯಸ್ಥ ಡಾಕ್ಟರ್ ವಾದಿರಾಜ ಉಮರ್ಜಿಯವರು ತಮ್ಮ ಆಲ್ಬಮ್‌ಗಳಿಗೆ 'ತೇವಗೊಂಡ ಬೆಳಕು', 'ದಿಗಂತದ ಎರಡನೆಯ ಉಸಿರು' ಎಂದೆಲ್ಲ ಹೆಸರಿಡುತ್ತಿದ್ದರು. ಊರಿನವರು ಎಲ್ಲವನ್ನೂ ಗುಂಯ್ ಹಾಡು ಎಂದು ಕರೆದು ಮುಗಿಸಿದ್ದರು.

ಹಾಡು ಬರುವುದು ಗಡಿಗೆಯಾಕಾರದ ಸ್ಪೀಕರಿನಿಂದ. ಕೇಳುವವರು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು. ಅದು ನಾಡಿಯ ಬಡಿತವನ್ನು 'ಮಂದ್ರ'ದ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಅಲ್ಲಿ 'ನೇಕಾರ' ಎಂಬ ಯಂತ್ರ ಕೂತಿದೆ. ಸಂಸ್ಥೆಯ ಭಂಡಾರದಲ್ಲಿರುವ ಲೆಕ್ಕವಿಲ್ಲದಷ್ಟು ಸದ್ದುಗಳಲ್ಲಿ ಒಂದೊಂದನ್ನು ನೇಕಾರ ದಿನಾ ರಾತ್ರಿ ಆಲ್ಬಮಿನೊಳಗೆ ನೇಯ್ದು ಕಳಿಸಿ ನೋಡುತ್ತದೆ. ಯಾವ ಎಳೆಗೆ ಜನರ ನಾಡಿ ಇಳಿಯಿತೋ ಅದನ್ನು ಉಳಿಸುತ್ತದೆ, ಏರಿತೋ ಕಿತ್ತೊಗೆಯುತ್ತದೆ. ಗಡಿಗೆಗೂ ಒಂದು ಕಿವಿಯಿದೆ. ಅದಕ್ಕೆ ಮಾತು ತಿಳಿಯುವುದಿಲ್ಲ. ಕೋಣೆಯಲ್ಲಿ ಗದ್ದಲವಿದೆಯೇ ಇಲ್ಲವೇ ಎಂಬುದಷ್ಟೇ ತಿಳಿಯುತ್ತದೆ. ಗದ್ದಲ ನಿಂತ ಕ್ಷಣ ಅದು ಒಳ್ಳೆಯ ಎಳೆಯೊಂದನ್ನು ಮೇಲೆ ತರುತ್ತದೆ.

ಮೊದಮೊದಲು ಎಲ್ಲವೂ ತಲೆಕೆಳಗಾಗಿತ್ತು. ಉಮರ್ಜಿಯವರು ಹೊರದೇಶದಲ್ಲಿ ಕಲಿತವರು. ತಿಮಿಂಗಿಲದ ಕೂಗನ್ನು ಹಾಕಿಸಿದರು. ಕೊಟ್ಟಿಗೆಯಲ್ಲಿ ಎಮ್ಮೆ ಈಯುತ್ತಿದೆ ಎಂದು ಜನ ಲಾಟೀನು ಹಿಡಿದು ಎದ್ದರು. ಹರಿಯುವ ತೊರೆಯ ಸದ್ದು ಹಾಕಿಸಿದರು. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಕಾಣುವ ಊರದು. ನೀರು ಬಂತು ಎಂದು ಓಣಿಗೆ ಓಣಿಯೇ ಎದ್ದು ಕೊಡ ಹಚ್ಚಿತು. ದೂರದ ಕುಕ್ಕರಿನ ಸೀಟಿ ಹಾಕಿಸಿದರೆ ಹೆಂಗಸರು ಮೂರನೆಯ ಸೀಟಿಗಾಗಿ ಕಾಯುತ್ತ ಬೆಳಗು ಮಾಡಿದರು. ಇನ್ನೇನು ಸಂಸ್ಥೆ ಬಾಗಿಲು ಹಾಕಬೇಕು ಅನ್ನುವಾಗ, ನೇಕಾರ ತನ್ನಷ್ಟಕ್ಕೆ ತಾನೇ ಎಲ್ಲಿಂದಲೋ ಒಂದು ಎಳೆ ಹುಡುಕಿ ತಂದು ನೇಯ್ದಿತು. ಒಂದೇ ವಾರದಲ್ಲಿ ಅವಳಿನಗರದ ನಾಡಿ ಇಳಿಯಿತು. ಉಮರ್ಜಿಯವರು ಅದು ಹೊಸ ಆಲ್ಬಮಿನ ಹೆಸರಿನ ಪ್ರಭಾವವೆಂದೇ ನಂಬಿದ್ದರು.

ಮರುದಿನ ಬೆಳಗ್ಗೆ ನೀಲಾಂಬಿಕಾ ಹೇಳಬೇಕೆಂದು ಹೊರಟದ್ದನ್ನು ರೆಹಾನಾ ಮುಲ್ಲಾ ಅವಳಿಗಿಂತ ಮೊದಲೇ ಹೇಳಿಬಿಟ್ಟಳು. ರೆಹಾನಾ ಗಿರಾಕಿಗಳ ದೂರು ಕೇಳುವವಳು.

"ಸರ್, ನಿಮ್ಮ ಹಾಡು ಹೂಂ ಅನ್ನಾಕತ್ತೈತ್ರಿ," ಎಂದಳು.

ಉಮರ್ಜಿಯವರಿಗೆ ಅರ್ಥವಾಗಲಿಲ್ಲ. ರೆಹಾನಾ ವಿವರಿಸಿದಳು. ನಮ್ಮ ಕಡೆ ಕಥೆ ಹೇಳುವವರಿಗೆ ಎದುರಿನವರು ಹೂಂ ಅನ್ನದಿದ್ದರೆ ಕಥೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಹೂಂಗುಟ್ಟದ ಮಕ್ಕಳಿಗೆ ಅಜ್ಜಿಯರು ಅರ್ಧದಲ್ಲೇ ರಾಜಕುಮಾರನನ್ನು ಕಾಡಿನಲ್ಲಿ ಬಿಟ್ಟು ಮಲಗಿಬಿಡುತ್ತಾರೆ. ಈಗ ಈ ಗಡಿಗೆ ಬೇಸರವಿಲ್ಲದೆ, ಆಕಳಿಕೆಯಿಲ್ಲದೆ, ಸರಿಯಾದ ಜಾಗದಲ್ಲಿ ಹೂಂ ಅನ್ನುತ್ತಿದೆ. ಅದಕ್ಕೇ ಜನ ಮನಸ್ಸಿನಲ್ಲಿದ್ದುದನ್ನೆಲ್ಲ ಅದರ ಮುಂದೆ ಸುರಿದು ಮಲಗುತ್ತಿದ್ದಾರೆ. ಇಲ್ಲಿಯವರೆಗೆ ಸರಿ. ಆದರೆ ಹೂಂ ಅಂದರೆ ಕೇಳಿಸಿತು ಅಂತಲೂ ಆಗುತ್ತದೆ, ಒಪ್ಪಿದೆ ಅಂತಲೂ ಆಗುತ್ತದೆ. ತೊಂದರೆ ಶುರುವಾದದ್ದು ಅಲ್ಲಿ.

ಉಣಕಲ್ಲಿನ ಇಬ್ಬರು ಅಣ್ಣತಮ್ಮಂದಿರು ನಡುವಿನ ಗೋಡೆ ತನ್ನದೇ ತಾನೆ ಎಂದು ತಮ್ಮತಮ್ಮ ಗಡಿಗೆಗಳನ್ನು ಕೇಳಿ, ಇಬ್ಬರೂ ಹೂಂ ಅನ್ನಿಸಿಕೊಂಡು, ಬೆಳಗಾಗುವಷ್ಟರಲ್ಲಿ ಗೋಡೆಯ ಎರಡೂ ಮಗ್ಗುಲಿಗೆ ಬೇರೆ ಬೇರೆ ಹೆಸರು ಬರೆಸಿದ್ದರು. ಕಾಲೇಜಿನ ಅಧ್ಯಾಪಕರೊಬ್ಬರು ರಾಜೀನಾಮೆ ಕೊಡಲೇ ಎಂದು ಕೇಳಿ, ಕೊಟ್ಟು, ಈಗ ಧನ್ಯವಾದ ಹೇಳಲು ದಿನಾ ಫೋನ್ ಮಾಡುತ್ತಿದ್ದರು. ಬಸ್ಸಿನ ನಿವೃತ್ತ ಕಂಡಕ್ಟರರೊಬ್ಬರು ತಾನು ಇನ್ನೊಂದು ಮದುವೆಯಾದರೆ ಹೇಗೆ ಎಂದು ಕೇಳಿದ್ದರು. ಅವರ ಹೆಂಡತಿಯೇ ದೂರು ಕೊಟ್ಟವರು. ಗಡಿಗೆಯೇ ಹೂಂ ಅಂದ ಮೇಲೆ ನಾನೇನು ಮಾಡಲಿ ಎಂದು ಗಂಡ ಕೈಚೆಲ್ಲಿ ಕೂತಿದ್ದಾರಂತೆ.

ವಿಜ್ಞಾನಿಯಾದ ಉಮರ್ಜಿಯವರು ವೈಜ್ಞಾನಿಕ ಪರಿಹಾರವನ್ನೇ ಯೋಚಿಸಿದರು. ಹೂಂ ಇರುವಷ್ಟೇ ಊಹೂಂ ಕೂಡ ಇರಲಿ, ತಕ್ಕಡಿ ಸಮನಾಗುತ್ತದೆ ಎಂದರು. ಪ್ರಯೋಗಕ್ಕೆ ರೆಹಾನಾಳ ಮನೆಗೇ ಒಂದು ಗಡಿಗೆ ಹೋಯಿತು. ರಾತ್ರಿ ಅವಳ ತಾಯಿ ಅದರ ಮುಂದೆ ಕೂತು, ಇವತ್ತು ಬಿರಿಯಾನಿ ಚೆನ್ನಾಗಿ ಕೂತಿತ್ತು ಎಂದು ಸಂತೋಷದಿಂದ ಹೇಳಿದರು. ಗಡಿಗೆ, "ಊಹೂಂ" ಎಂದಿತು. ಆ ರಾತ್ರಿ ಆ ಪಟ್ಟಿ ಕಳಿಸಿದ ನಾಡಿಯ ಬಡಿತ 'ಮಂದ್ರ'ದಲ್ಲಿ ಯಾರೂ ಕಂಡಿರದಂಥದ್ದು. ಗಡಿಗೆ ಅಂಗಳದಲ್ಲಿ ಸಿಕ್ಕಿತು, ಎರಡು ತುಂಡಾಗಿ.

ಆಗ ಉಮರ್ಜಿಯವರು ಇದರ ಮೂಲ ಹುಡುಕಬೇಕೆಂದು ಹೊರಟರು. ಅದು ಯಾರೋ ಜೀವಂತ ಮನುಷ್ಯರ ದನಿ. ಅವರ ಅನುಮತಿಯಿಲ್ಲದೆ ಬಳಸುವುದು ತಪ್ಪು. ಮೇಲಾಗಿ ಆರೋಗ್ಯ ಇಲಾಖೆಯವರು ಈ ಆಲ್ಬಮನ್ನು ಆಸ್ಪತ್ರೆಗಳಿಗೆ ತೆಗೆದುಕೊಳ್ಳಲು ನೋಡುತ್ತಿದ್ದರು. ನೇಕಾರ ದನಿಯನ್ನು ಎಳೆದೆಳೆದು ಎಷ್ಟು ಕೆಳಗಿಳಿಸಿತ್ತೆಂದರೆ ಅದು ಗಂಡೋ, ಹೆಣ್ಣೋ, ಬಾವಿಯೋ ಹೇಳುವಂತಿರಲಿಲ್ಲ. ಆದರೆ ಎಲ್ಲಿಂದ ಎತ್ತಿಕೊಂಡೆ ಎಂದು ಕೇಳಿದರೆ ನೇಕಾರ ಸುಳ್ಳು ಹೇಳುವುದಿಲ್ಲ. ಪರದೆಯ ಮೇಲೆ ಉತ್ತರ ಮೂಡಿತು: ಸ್ಟುಡಿಯೊ ಎರಡು, ತೆರೆದ ಮೈಕು.

ಸ್ಟುಡಿಯೊ ಎರಡು ನೀಲಾಂಬಿಕಾಳದು. ಕಂಟ್ರೋಲ್ ರೂಮಿನಲ್ಲಿ ಎಲ್ಲರ ಹಿಂದೆ ನಿಂತಿದ್ದ ಅವಳು ಗೋಡೆಗೆ ಕೈ ಊರಿದಳು.

ಅವಳ ಕೆಲಸ ಹಸಿ ಸದ್ದುಗಳ ಸಿಕ್ಕು ಬಿಡಿಸುವುದು. ಇಡೀ ದಿನ ಒಂಟಿಯಾಗಿ ಕೂತು ಮಾಡುವ ಕೆಲಸ, ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದಂಥದು. ನೀಲಾಂಬಿಕಾ ತನ್ನನ್ನು ಮಿತಭಾಷಿ ಎಂದು ತಿಳಿದಿದ್ದಳು. ಆಡಿದ ಮಾತು ಹಿಂದಕ್ಕೆ ಬಾರದೆಂದು ಒಂದೊಂದು ಮಾತನ್ನೂ ಅಕ್ಕಿ ಆರಿಸಿದಂತೆ ಆರಿಸಿ ಆಡುವವಳು. ಆಫೀಸಿನಲ್ಲಿ ಅವಳ ದನಿ ಕೇಳಿದವರೇ ಕಡಿಮೆ. ಅಂಥವಳಿಗೆ ಮಧ್ಯಾಹ್ನ ಊಟದ ಹೊತ್ತಿಗೆ ದಿನವೂ ಅತ್ತೆಯ ಫೋನ್ ಬರುತ್ತಿತ್ತು. ಬಂದರೆ ಅರ್ಧ ಗಂಟೆಗೆ ಕಡಿಮೆಯಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ, ಬೆರಳುಗಳನ್ನು ಕೆಲಸಕ್ಕೆ ಬಿಟ್ಟು, ಅವಳು ಆ ಹೊತ್ತನ್ನು ಸಾಗಿಸುತ್ತಿದ್ದಳು. ಮೈಕು ಮುಚ್ಚಿದೆಯೇ ಎಂದು ಮೂರು ಸಲ ನೋಡುವವಳು ಫೋನ್ ಬಂದ ಗಡಿಬಿಡಿಯಲ್ಲಿ ಎಷ್ಟೋ ಸಲ ಮರೆತಿರಬೇಕು.

ಅಂದರೆ ಆ ಹೂಂ ತನ್ನದು. ಅತ್ತೆಯ ಮಾತಿಗೆ, ಮಾತಿನ ಕಡೆ ಗಮನವಿಲ್ಲದೆ, ಗೋಣು ಹಾಕುವ ಎತ್ತಿನಂತೆ ತಾನು ಅಂದ ಹೂಂ. ಊರೆಲ್ಲ ಮಲಗುತ್ತಿರುವುದು ತನ್ನ ಆ ಕಪಟದ ಮೇಲೆ. ನೀಲಾಂಬಿಕಾಳಿಗೆ ನಿಂತಲ್ಲೇ ಬೆವರಿತು.

ಬೆವರಲು ಇನ್ನೊಂದು ಕಾರಣವನ್ನು ಉಮರ್ಜಿಯವರೇ ಒದಗಿಸಿದರು. ಆರೋಗ್ಯ ಇಲಾಖೆಯವರು ಗುರುವಾರ ಬರುತ್ತಾರೆ. ಅವರ ಮುಂದೆ ಮೂಲದ ಧ್ವನಿಮುದ್ರಣವನ್ನು, ಸುತ್ತಲಿನ ಮಾತುಕತೆಯ ಸಮೇತ, ಮೊದಲ ಸಲ ನುಡಿಸುವುದು. ಜೊತೆಗೆ ಅವಳಿನಗರದಲ್ಲೇ ಎಲ್ಲರಿಗಿಂತ ಹೆಚ್ಚು ನಾಡಿ ಇಳಿದಿರುವ ಕೇಳುಗರನ್ನು ಕರೆಸಿ ಎದುರಿಗೆ ಕೂರಿಸುವುದು.

"ನಿಮಗ ಖುಷಿ ಸುದ್ದಿ ಅದ," ಎಂದು ಅವರು ನೀಲಾಂಬಿಕಾಳ ಕಡೆ ತಿರುಗಿದರು. "ಆ ಕೇಳುಗರು ಬ್ಯಾರೆ ಯಾರೂ ಅಲ್ಲ, ನಿಮ್ಮ ಅತ್ತಿಯವರು."

ಮನೆಯಲ್ಲಿ ಬಸಲಿಂಗವ್ವ ಆಗಲೇ ಇಳಕಲ್ ಸೀರೆ ತೆಗೆದು ಮಂಚದ ಮೇಲೆ ಹಾಸಿದ್ದರು. ಉಮರ್ಜಿಯವರು ಖುದ್ದಾಗಿ ಫೋನ್ ಮಾಡಿದ್ದರಂತೆ. ನೀಲಾಂಬಿಕಾ ಅಡ್ಡಗಾಲು ಹಾಕಿ ನೋಡಿದಳು. ಬಿಸಿಲು ಹೆಚ್ಚು ಎಂದಳು, ಅಲ್ಲಿ ಮೆಟ್ಟಿಲು ಕಡಿದು ಎಂದಳು, ಬರುವವರು ದೊಡ್ಡ ಅಧಿಕಾರಿಗಳು, ಏನಾದರೂ ಕೇಳಿದರೆ ಕಷ್ಟ ಎಂದಳು, ಲಿಫ್ಟಿನಲ್ಲಿ ಕರೆಂಟು ಹೋದರೆ ಎಂದಳು. ಅತ್ತೆ ಸೀರೆಯ ಮಡಿಕೆ ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡು, ಯಾವ ಕುಪ್ಪಸ ಹೊಂದುತ್ತದೆ ಎಂದು ಕೇಳಿದರು.

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಗುರುಪಾದ, ಅವ್ವ ಈಗೀಗ ಮಧ್ಯಾಹ್ನ ನಿನಗೆ ಫೋನ್ ಮಾಡುವುದನ್ನೇ ಬಿಟ್ಟಿದ್ದಾಳಲ್ಲ, ನೀನೇನಾದರೂ ಅಂದೆಯಾ ಎಂದು ಹೆಂಡತಿಯನ್ನು ಕೇಳಿದ. ಅವಳು ಉತ್ತರಿಸುವ ಮೊದಲೇ ಬಸಲಿಂಗವ್ವ ಮಗನನ್ನು ಗದರಿದರು.

"ಆಕಿ ಯಾಕ ಅಂದಾಳೋ? ನನಗ ಈಗ ಗಡಿಗಿ ಐತಿ. ಅದರ ಮುಂದ ಹೇಳಿದ್ರ ಎದಿ ಹಗುರ ಆಕ್ಕೈತಿ."

ಆ ಮಾತು ಚಾಕುವಿನಂತೆ ಬಂದು ನಾಟಿತು. ಓಣಿಯವರ ಮುಂದೆಲ್ಲ ಅತ್ತೆ, ನಮ್ಮ ನೀಲಾ ಮನೆಗೆ ಬಂದಂದಿನಿಂದ ನಮ್ಮಿಬ್ಬರ ನಡುವೆ ಮುಚ್ಚುಮರೆಯಿಲ್ಲ ಎಂದು ಹೇಳಿಕೊಂಡು ಬಂದವರು. ಗುರುವಾರ ನಾಲ್ಕು ಜನರ ಎದುರು ಆ ಮುದ್ರಣ ಬಿಚ್ಚಿಕೊಂಡರೆ, ಸೊಸೆ ಇಷ್ಟು ದಿನ ಕಿವಿಯಿಲ್ಲದೆ ಬರೀ ಬಾಯಿಯಿಂದ ಹೂಂ ಅಂದಿದ್ದಾಳೆಂದು ಅವರಿಗೆ ತಿಳಿಯುತ್ತದೆ. ಆಮೇಲೆ ಒಂದೇ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿಯುವುದು ಹೇಗೆ?

ಬುಧವಾರ ಸಂಜೆ ಎಲ್ಲರೂ ಮನೆಗೆ ಹೋಗುವವರೆಗೂ ನೀಲಾಂಬಿಕಾ ಕೆಲಸದ ನೆಪ ಮಾಡಿ ಕೂತಳು. ಆಮೇಲೆ ಕಂಟ್ರೋಲ್ ರೂಮಿಗೆ ಹೋಗಿ, ಬಾಗಿಲ ಚಿಲಕವನ್ನು ಎರಡು ಸಲ ನೋಡಿ, ನೇಕಾರನ ಭಂಡಾರದಿಂದ ಆ ಮುದ್ರಣವನ್ನು ತೆಗೆದಳು. ಕೇಳದೆಯೇ ಅಳಿಸಿಬಿಡಬೇಕೆಂದು ಬಂದಿದ್ದಳು. ಬೆರಳು ಗುಂಡಿಯ ಮೇಲೆ ಹೋದಾಗ, ತಾನು ನಿಜವಾಗಿ ಎಷ್ಟು ಕೆಟ್ಟದಾಗಿ ಹೂಂ ಅಂದಿದ್ದೇನೆಂದು ತಿಳಿಯದೆ ಅಳಿಸಿದರೆ ಜೀವಮಾನವಿಡೀ ಕೊರೆಯುತ್ತದೆ ಅನ್ನಿಸಿತು. ಹೆಡ್‌ಫೋನ್ ಹಾಕಿಕೊಂಡಳು.

ಯಾರೋ ಹೆಂಗಸು ಮಾತಾಡುತ್ತಿದ್ದಳು. ಒಂದೇ ಸಮನೆ, ಅಲ್ಪವಿರಾಮವೂ ಇಲ್ಲದೆ.

"ಅತ್ತಿ, ಮುಂಜಾನೆ ಗ್ಯಾಸ್ ಬಂದ್ ಮಾಡೀನೋ ಇಲ್ಲೋ ನೋಡ್ರಿ, ನೋಡಿದ್ರೇನು, ಇನ್ನೊಮ್ಮೆ ನೋಡ್ರಿ. ಮತ್ತ ಈ ರೆಹಾನಾ ಅದಾಳಲ್ಲ, ಇವತ್ತು ನನ್ನ ನೋಡಿ ನಕ್ಕಳ್ರಿ, ಆದ್ರ ಅರ್ಧ ನಕ್ಕಳು. ಯಾಕ ಅರ್ಧ ನಕ್ಕಳು ಅಂತೀರಿ? ನಾ ಏನರ ಅಂದೀನೇನು? ನಾ ಅಂತೂ ಏನೂ ಅಂದಿಲ್ಲ, ನಾ ಮಾತ ಆಡಂಗಿಲ್ಲಲ್ರಿ."

"ಹೂಂ," ಎಂದಿತು ಫೋನು.

ನೀಲಾಂಬಿಕಾ ಹೆಡ್‌ಫೋನ್ ಕಳಚಿ, ಅದರ ಒಳಗೆ ನೋಡಿ, ಮತ್ತೆ ಹಾಕಿಕೊಂಡಳು. ಹೆಂಗಸು ನಿಂತಿರಲಿಲ್ಲ. ಗುರುಪಾದನ ಕೊಬ್ಬಿನಂಶಕ್ಕೆ ಬಂದಿದ್ದಳು, ಅಲ್ಲಿಂದ ಮೇಲಿನ ಮನೆಯವರ ನೀರಿನ ಮೋಟಾರಿಗೆ, ಅಲ್ಲಿಂದ ಉಮರ್ಜಿಯವರು ಮೀಟಿಂಗಿನಲ್ಲಿ ಎಲ್ಲರ ಹೆಸರು ಹೇಳಿ ತನ್ನ ಹೆಸರನ್ನು ಮಾತ್ರ ಸ್ವಲ್ಪ ತಡವಾಗಿ ಹೇಳಿದ್ದಕ್ಕೆ. ಪ್ರತಿಯೊಂದರ ಕೊನೆಗೂ ಫೋನಿನಿಂದ ಒಂದು ಹೂಂ. ಅವಸರವಿಲ್ಲದ, ಬೇಸರವಿಲ್ಲದ, ತೊಟ್ಟಿಲ ಹಗ್ಗ ಎಳೆದಂಥ ಹೂಂ. ಅದು ಬಸಲಿಂಗವ್ವನ ದನಿ.

ಅವಳು ಮುಂದಕ್ಕೆ ಓಡಿಸಿ ಇನ್ನೊಂದು ದಿನದ್ದನ್ನು ಕೇಳಿದಳು, ಮತ್ತೊಂದು ದಿನದ್ದನ್ನು ಕೇಳಿದಳು. ಅತ್ತೆ ಮಾತಾಡುವ ಜಾಗಕ್ಕಾಗಿ ಕಾದಳು. ಅತ್ತೆಯ ಓಣಿಯ ಸುದ್ದಿ, ಅತ್ತೆಯ ತವರಿನ ಪುರಾಣ, ತಾನು ಇಷ್ಟು ವರ್ಷ ಸಹಿಸಿಕೊಂಡೆನೆಂದು ತಿಳಿದಿದ್ದ ಅದೆಲ್ಲ ಎಲ್ಲಿದೆ? ಎಲ್ಲೂ ಇರಲಿಲ್ಲ. ಕೊನೆಗೆ ಒಂದು ಕಡೆ ಸಿಕ್ಕಿತು.

"ನೀಲಾ, ನನಗ ಯಾಕೋ ಈ ಮೊಣಕಾಲು ರಾತ್ರಿ—"

"ಅತ್ತಿ, ತಡೀರಿ, ಇನ್ನೊಂದು ಹೇಳೋದ ಮರತಿದ್ದೆ."

ಅಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ, "ಹೂಂ."

ಈ ಹೂಂನ ಸುತ್ತ ನೇಕಾರ ಹಸಿರು ಗೆರೆ ಎಳೆದು ಗುರುತು ಮಾಡಿತ್ತು. ಅಷ್ಟೊಂದು ಹೂಂಗಳಲ್ಲಿ ಅದು ಆರಿಸಿಕೊಂಡದ್ದು ಇದೊಂದನ್ನೇ. ಬಾಯಿಗೆ ಬಂದ ತನ್ನ ಮಾತನ್ನು ನುಂಗಿ, ಇನ್ನೊಬ್ಬರಿಗೆ ಜಾಗ ಮಾಡಿಕೊಟ್ಟ ಹೂಂ. ಎರಡು ಊರಿನ ನಾಡಿ ಇಳಿದದ್ದು ಇದಕ್ಕೆ. ನೇಕಾರನಿಗೆ ಇದರ ಅರ್ಥ ತಿಳಿಯದು. ನಾಡಿಗೆ ಹೇಗೋ ತಿಳಿದಿತ್ತು.

ನೀಲಾಂಬಿಕಾ ಬಹಳ ಹೊತ್ತು ಸುಮ್ಮನೆ ಕೂತಳು. ಹಾಗೆ ಸುಮ್ಮನೆ ಕೂತದ್ದು ಬಹುಶಃ ಅವಳ ಜೀವನದಲ್ಲೇ ಮೊದಲ ಸಲವೇನೋ ಎಂಬ ಅನುಮಾನವೂ ಆಗಲೇ ಬಂತು. ಆಫೀಸಿನಲ್ಲಿ ತುಟಿ ಬಿಚ್ಚದೆ ಕೂಡಿಟ್ಟದ್ದನ್ನೆಲ್ಲ ಮಧ್ಯಾಹ್ನ ಒಬ್ಬ ಮುದುಕಿಯ ಕಿವಿಗೆ ಸುರಿದು, ಸಂಜೆ ಮಿತಭಾಷಿಯಾಗಿ ಮನೆಗೆ ಹೋಗುತ್ತಿದ್ದಳು. ಫೋನ್ ಮಾಡುತ್ತಿದ್ದವರು ಅತ್ತೆ, ಅದು ನಿಜ. ಮೊಣಕಾಲಿನ ಒಂದು ಮಾತು ಹೇಳಲು ಮಾಡುತ್ತಿದ್ದರು.

ಇದನ್ನು ನಾಳೆ ಆರೋಗ್ಯ ಇಲಾಖೆ ಕೇಳಬೇಕೆ? ನಾಚಿಕೆಯೇ ಅವಳ ಬೆರಳು ಆಡಿಸಿತು. ಆ ಒಂದು ಹೂಂ ಉಳಿಸಿ, ಹಿಂದುಮುಂದಿನದನ್ನೆಲ್ಲ ಕತ್ತರಿಸಿ ಹಾಕಿದಳು. ನೇಕಾರ ತನಗೆ ಬೇಡದ್ದನ್ನು ಒಗೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ, ಒಗೆಯಿತು ಎಂದರಾಯಿತು.

ಗುರುವಾರ ಬಸಲಿಂಗವ್ವ ಮೆಟ್ಟಿಲನ್ನೇ ಹತ್ತಿ ಬಂದರು. ಅಧಿಕಾರಿಗಳಿಗೆ ಕೈಮುಗಿದು, ಮೊದಲ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತರು. ನೀಲಾಂಬಿಕಾ ಗಾಜಿನ ಆಚೆ ಕಂಟ್ರೋಲ್ ರೂಮಿನಲ್ಲಿ ಗುಂಡಿಗಳ ಮುಂದೆ ಇದ್ದಳು. ರೆಹಾನಾ ಪಕ್ಕದಲ್ಲಿದ್ದಳು, ಅವಳು ನೋಡಿ ನಕ್ಕಳು, ಅರ್ಧ. ಉಮರ್ಜಿಯವರು ಭಾಷಣ ಮಾಡಿ, ನಡುವೆ ದಿಗಂತ ಎಂಬ ಮಾತನ್ನು ನಾಲ್ಕಾರು ಸಲ ತಂದು, ಮೂಲದ ಸುತ್ತಲಿನ ಭಾಗವನ್ನು ಯಂತ್ರ ಉಳಿಸಿಕೊಂಡಿಲ್ಲವೆಂದು ವಿಷಾದಿಸಿ, ಕೈ ಎತ್ತಿದರು. ನೀಲಾಂಬಿಕಾ ಗುಂಡಿ ಒತ್ತಿದಳು.

ಎಳೆಯದ, ಇಳಿಸದ, ಮೂಲದ ಹೂಂ ಆ ದೊಡ್ಡ ಕೋಣೆಯಲ್ಲಿ ಒಮ್ಮೆ ಕೇಳಿತು. ಇಲಾಖೆಯ ಮುಖ್ಯಾಧಿಕಾರಿಯ ಹೆಗಲುಗಳು ಇಳಿದವು. ಅವರ ಪಕ್ಕದವರು ಕುರ್ಚಿಗೆ ಒರಗಿ, ತಮ್ಮ ಮಗಳ ಮದುವೆ ನಿಂತುಹೋದ ವಿಷಯವನ್ನು ಯಾರನ್ನೂ ಉದ್ದೇಶಿಸದೆ ಹೇಳಲು ಶುರುಮಾಡಿ, ಎಚ್ಚೆತ್ತು ನಿಲ್ಲಿಸಿದರು.

ನೀಲಾಂಬಿಕಾ ನೋಡುತ್ತಿದ್ದುದು ಒಂದೇ ಮುಖವನ್ನು. ಈಗ ಗುರುತು ಹಿಡಿಯುತ್ತಾರೆ, ಈಗ ತಿರುಗಿ ನೋಡುತ್ತಾರೆ ಎಂದು ಅವಳು ಕಾದಳು. ಬಸಲಿಂಗವ್ವ ಕಣ್ಣು ಮುಚ್ಚಿಕೊಂಡು, ಇನ್ನೊಮ್ಮೆ ಹಾಕಿ ಎಂಬಂತೆ ಕೈಸನ್ನೆ ಮಾಡಿದರು. ಇನ್ನೊಮ್ಮೆ ಹಾಕಿದ್ದಾಯಿತು. ಯಾರ ದನಿಯಿರಬಹುದು, ನಿಮಗೇನಾದರೂ ಅನ್ನಿಸುತ್ತದೆಯೇ ಎಂದು ಉಮರ್ಜಿಯವರು ಕೇಳಿದರು.

ತಮ್ಮ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂದು ಯಾರಿಗೆ ತಾನೆ ಗೊತ್ತಿರುತ್ತದೆ? ನೀಲಾಂಬಿಕಾಳಿಗೇ ಗೊತ್ತಾಗಿರಲಿಲ್ಲ.

"ಯಾರ ಹೆಣ್ಣಮಗಳೋ ಏನೋ ನೋಡ್ರಿ," ಎಂದರು ಬಸಲಿಂಗವ್ವ. "ವಯಸ್ಸಾಗೈತಿ ಆಕಿಗೆ. ಮಂದೀದು ಭಾಳ ಕೇಳ್ಯಾಳ ಆಕಿ. ಆಕಿದು ಯಾರರ ಕೇಳ್ಯಾರೋ ಇಲ್ಲೋ, ಅದನ್ನ ಮೊದಲ ವಿಚಾರಿಸ್ರಿ. ಸಿಕ್ಕರ ನಮ್ಮ ಮನಿಗೆ ಕರಕೊಂಡ ಬರ್ರಿ. ಒಂದ ಊಟಾ ಹಾಕಿ, ಎದುರಿಗೆ ಕುಂದರಸ್ಕೊಂಡು, ಹೇಳವ್ವ ಅಂತೀನಿ."

ಅಧಿಕಾರಿಗಳು ತಲೆದೂಗಿದರು. ಉಮರ್ಜಿಯವರು ಗಾಜಿನ ಕಡೆ ತಿರುಗಿ, ಮೈಕಿನಲ್ಲಿ, ಸ್ಟುಡಿಯೊ ನಿಮ್ಮದೇ ಅಲ್ಲವೆ ನೀಲಾಂಬಿಕಾ, ಈ ದನಿ ನಿಮಗೇನಾದರೂ ಪರಿಚಯವೆ ಎಂದು ಕೇಳಿದರು.

ಅವಳ ಗಂಟಲವರೆಗೆ ಮಾತು ಬಂತು. ಆರಿಸಿದ ಅಕ್ಕಿಯಲ್ಲ, ಇಡೀ ಮೂಟೆ. ಹೇಳಿದರೆ ಏನಾಗುತ್ತದೆ? ಅತ್ತೆಗೆ ಶಾಲು ಹೊದಿಸುತ್ತಾರೆ, ಪೇಪರಿನಲ್ಲಿ ಫೋಟೊ ಬರುತ್ತದೆ. ರಾತ್ರಿ ಅತ್ತೆ ಗಡಿಗೆಯ ಮುಂದೆ ಕೂರುತ್ತಾರೆ, ಹೂಂ ಕೇಳುತ್ತದೆ. ತನ್ನ ಹೂಂಗೆ ತಾನೇ ಕಥೆ ಹೇಳುತ್ತಿದ್ದೇನೆಂದು ಆಗ ಅವರಿಗೆ ತಿಳಿದಿರುತ್ತದೆ. ಇಷ್ಟು ವಯಸ್ಸಿಗೆ ಒಬ್ಬರು ಸಿಕ್ಕರು ಅಂದುಕೊಂಡಿದ್ದವರಿಗೆ, ಅಲ್ಲಿ ಯಾರೂ ಇರಲಿಲ್ಲವೆಂದು ತಿಳಿಯುತ್ತದೆ.

"ಇಲ್ರಿ ಸರ್," ಎಂದಳು ನೀಲಾಂಬಿಕಾ. ಅವಳ ಬಾಯಿಂದ ಅಷ್ಟು ಚಿಕ್ಕ ವಾಕ್ಯ ಹೊರಟದ್ದು ಅಪರೂಪವೆಂದು ಆ ಆಫೀಸಿನವರಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಆಲ್ಬಮ್ ಆಸ್ಪತ್ರೆಗಳಿಗೆ ಹೋಯಿತು. ದನಿಯ ಒಡತಿ ಸಿಕ್ಕಿದ ದಿನ ಕೇಳಿ ಒಪ್ಪಿಗೆ ಪಡೆಯುವುದೆಂದು ಠರಾವಾಯಿತು. ವಕೀಲರ ಸಲಹೆಯಂತೆ ಪ್ರತಿ ಗಡಿಗೆಯ ಮೇಲೂ ಒಂದು ಚೀಟಿ ಅಂಟಿಸಲಾಯಿತು: "ಇದರ ಹೂಂ ಒಪ್ಪಿಗೆಯಲ್ಲ, ಕೇಳಿಸಿತೆಂಬುದರ ಗುರುತು ಮಾತ್ರ." ಕಂಡಕ್ಟರರ ಹೆಂಡತಿ ಅಂಥ ಚೀಟಿ ಎರಡು ಕೇಳಿ ತರಿಸಿಕೊಂಡರು. ಎರಡನೆಯದನ್ನು ಎಲ್ಲಿ ಅಂಟಿಸಿದರೆಂದು ರೆಹಾನಾ ಕೇಳಲಿಲ್ಲ.

ಅದೇ ಗುರುವಾರ ಸಂಜೆ, ಬಸಲಿಂಗವ್ವ ಅಡುಗೆಮನೆಯ ಕಟ್ಟೆಗೆ ಒರಗಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಾಗ ನೀಲಾಂಬಿಕಾ ಹೋಗಿ ಎದುರಿಗೆ ಕೂತಳು. ಮೊಣಕಾಲು ಹೇಗಿದೆ ಎಂದು ಕೇಳಿದಳು. ಅತ್ತೆ ಕೈ ನಿಲ್ಲಿಸಿ ಸೊಸೆಯ ಹಣೆ ಮುಟ್ಟಿ ನೋಡಿದರು. ಆಮೇಲೆ, ಸ್ವಲ್ಪ ಅನುಮಾನದಿಂದಲೇ, ಎಡಗಾಲಿನ ಮೊಣಕಾಲು ರಾತ್ರಿ ಸೆಳೆಯುವ ವಿಷಯ ಹೇಳಲು ಶುರುಮಾಡಿದರು. ನಮ್ಮ ಆಫೀಸಿನಲ್ಲೊಬ್ಬರಿಗೂ ಹೀಗೆಯೇ ಆಗಿ ಎಂದು ನೀಲಾಂಬಿಕಾಳ ನಾಲಿಗೆ ಎದ್ದಿತು. ಅವಳು ಅದನ್ನು ಹಲ್ಲಿನಲ್ಲಿ ಹಿಡಿದಳು. ಅದು ಎಣ್ಣೆಯ ವಿಷಯಕ್ಕೆ ಎದ್ದಿತು, ಡಾಕ್ಟರ ವಿಷಯಕ್ಕೆ ಎದ್ದಿತು. ಎರಡು ಸಲ ಹಿಡಿದಳು, ಒಂದು ಸಲ ತಪ್ಪಿಹೋಯಿತು. ನಡುವೆ ಸಿಕ್ಕ ಜಾಗದಲ್ಲಿ ಒಂದು ಹೂಂ ಅಂದಳು.

ಅತ್ತೆ ಬಳ್ಳೊಳ್ಳಿಯ ಸಿಪ್ಪೆ ಊದಿದರು.

"ಹಂಗಲ್ಲವ್ವ. ಬಾಯಿಂದ ಅನ್ನಬಾರದು, ಹೊಟ್ಟಿಯಿಂದ ಅನ್ನಬೇಕು. ಆ ಗಡಿಗಿ ನೋಡಿ ಕಲಿ."

ನೀಲಾಂಬಿಕಾ ಹೊಟ್ಟೆಯಿಂದ ಅಂದು ನೋಡಿದಳು. ಪರವಾಗಿಲ್ಲ, ನಾಲ್ಕು ದಿನ ಹೋದರೆ ಬರುತ್ತದೆ ಎಂದರು ಅತ್ತೆ, ಮತ್ತೆ ಮೊಣಕಾಲಿಗೆ ಬಂದರು, ಮೊಣಕಾಲಿನಿಂದ ಅದು ಮೊದಲು ನೋವು ಕಂಡ ವರ್ಷಕ್ಕೆ, ಆ ವರ್ಷ ತೀರಿಕೊಂಡ ಗಂಡನಿಗೆ. ಮಾವನ ವಿಷಯವನ್ನು ಅತ್ತೆಯ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಹೊರಗೆ ಕತ್ತಲಾಯಿತು. ಗ್ಯಾಸಿನ ಗುಂಡಿಯನ್ನು ನೋಡಲು ಅವಳು ಏಳಲಿಲ್ಲ.

ಆದರೆ ಹೊಟ್ಟೆಯೊಳಗೆ ಆ ಸುದ್ದಿ ಕಾಸಿದ ಹಾಲಿನಂತೆ ಉಕ್ಕುತ್ತಿತ್ತು. ನೇಕಾರ, ಹಸಿರು ಗೆರೆ, ಮುಖ್ಯಾಧಿಕಾರಿಯ ಹೆಗಲು, ಅತ್ತೆಯ ದನಿ ಅತ್ತೆಗೇ ಸಿಗದೆ ಹೋದದ್ದು. ಅವಳ ಬದುಕಿನಲ್ಲಿ ಆಗಿದ್ದ ಅತಿ ದೊಡ್ಡ ಸುದ್ದಿ ಅದು. ಗುರುಪಾದನಿಗೆ ಹೇಳಿದರೆ ಅರ್ಧದಲ್ಲಿ ಗೊರಕೆ. ರೆಹಾನಾಳಿಗೆ ಹೇಳಿದರೆ ಅವಳು ಅದಕ್ಕೂ ಅರ್ಧ ನಗುತ್ತಾಳೆ. ಇಂಥದ್ದನ್ನು ಮೊದಲಿನಿಂದ ಕೊನೆಯವರೆಗೆ, ಒಂದೆಳೆ ಬಿಡದಂತೆ, ಬೇಸರವಿಲ್ಲದೆ ಕೇಳುವ ಜೀವ ಅವಳ ಪಾಲಿಗೆ ಲೋಕದಲ್ಲಿ ಒಂದೇ ಇತ್ತು. ಅದು ಎದುರಿಗೇ ಕೂತು ಬಳ್ಳೊಳ್ಳಿ ಸುಲಿಯುತ್ತಿತ್ತು.

"ಏನೋ ಹೇಳಾಕ ಬಂದಂಗಿತ್ತಲ್ಲ ನೀನು," ಎಂದರು ಬಸಲಿಂಗವ್ವ, ತಲೆಯೆತ್ತಿ. "ಏನದು, ಹೇಳು."

ಬೇರೆ ಯಾರಿಗೂ ಹೇಳಬಾರದು, ಗಡಿಗೆಗೂ ಹೇಳಬಾರದು, ಇವರಿಗಂತೂ ಎಂದೆಂದಿಗೂ ಹೇಳಬಾರದು ಎಂದು ನೀಲಾಂಬಿಕಾ ಆ ಕ್ಷಣದಲ್ಲಿ ನಿಶ್ಚಯಿಸಿದಳು. ಬುಟ್ಟಿಯಿಂದ ಒಂದು ಗಡ್ಡೆ ಬಳ್ಳೊಳ್ಳಿ ತೆಗೆದುಕೊಂಡು ಸುಲಿಯತೊಡಗಿದಳು.

"ಏನಿಲ್ಲ ಅತ್ತಿ," ಎಂದಳು. "ನೀವು ಹೇಳ್ರಿ."